ಹಮಾಮಿನ ಯಾಮ್ನಾಳ ಬೆನ್ನು

ಅಲ್ಲಮ್ಮಾ, ಬೆನ್ನು ತಾನೇ, ನಾನೇ ತಿಕ್ಕಿಕೊಳ್ಳುತ್ತೇನೆ ಎನ್ನುತ್ತೀಯಲ್ಲ, ಹೇಗೆ ತಿಕ್ಕಿಕೊಳ್ಳುತ್ತೀ? ಕೈ ಹಿಂದಕ್ಕೆ ತಿರುಗಿಸು ನೋಡೋಣ. ಹೂಂ, ಸೊಂಟದಿಂದ ಒಂದು ಗೇಣು ಮೇಲೆ ಬಂತು. ಈಗ ಹೆಗಲ ಮೇಲಿನಿಂದ ಹಾಕು. ಕತ್ತಿನ ಕೆಳಗೆ ನಾಲ್ಕು ಬೆರಳು. ನಡುವೆ ಒಂದು ರೊಟ್ಟಿಯಷ್ಟು ಜಾಗ ಉಳಿಯಿತಲ್ಲ, ಅದು ಯಾರದು? ಅಷ್ಟು ಜಾಗವನ್ನು ದೇವರು ಬೇರೆಯವರ ಕೈಗೆಂದೇ ಬಿಟ್ಟಿದ್ದಾನೆ. ಇದು ನನ್ನ ಮಾತಲ್ಲ, ತಾಮು ಹೇಳುತ್ತಿದ್ದ ಮಾತು. ತಾಮು ಯಾರು ಎಂದರೆ, ತಡಿ, ಮೊದಲು ಯಾಮ್ನಾಳ ವಿಷಯ ಹೇಳಬೇಕು. ಬರೆದುಕೊಳ್ಳುತ್ತಿದ್ದೀಯಾ? ಬರೆದುಕೋ. ನಾನು ಅಡ್ಡದಾರಿ ಹಿಡಿದರೆ ತಡೆಯಬೇಡ, ತಿರುಗಿ ಬರುತ್ತೇನೆ.

ನಮ್ಮ ಸೆಫ್ರೂ ಊರಿನ ಕೇರಿಯಲ್ಲಿ, ಹೊಳೆಯ ಸೇತುವೆ ಇಳಿದ ಕೂಡಲೇ ರೊಟ್ಟಿ ಸುಡುವವನ ಒಲೆ, ಅದರ ಗೋಡೆಗೆ ಒರಗಿಕೊಂಡೇ ಹಮಾಮು, ಕೇರಿಯವರೆಲ್ಲ ಮೀಯುವ ಹಬೆಯ ಸ್ನಾನದ ಮನೆ. ಹಗಲು ಹೆಂಗಸರದು, ಸಂಜೆಯ ಮೇಲೆ ಗಂಡಸರದು. ಯಾಮ್ನಾ ಅಲ್ಲಿ ಮೈ ತಿಕ್ಕುವವಳು, ಎಲ್ಲರೂ ಮರ್ಯಾದೆಗೆ ಲಲ್ಲಾ, ಅಂದರೆ ಅಮ್ಮಾವ್ರೇ, ಎಂದೇ ಕರೆಯುವರು. ಕೈಗೆ ಕೀಸ ಹಾಕಿಕೊಂಡು, ಅದೇ ಆ ಒರಟು ಬಟ್ಟೆಯ ಕೈಗವಸು, ಮೂವತ್ತೈದು ವರ್ಷ ನಮ್ಮ ಕೇರಿಯ ಹೆಂಗಸರ ಬೆನ್ನು ತಿಕ್ಕಿದಳು. ಗಟ್ಟಿ ಆಳು. ದಪ್ಪ ಮಣಿಕಟ್ಟು, ಅಗಲ ಅಂಗೈ. ಕಪ್ಪು ಸಾಬೂನು ಸವರಿ, ಹಬೆಯಲ್ಲಿ ಮೈ ಮೆತ್ತಗಾಗಲು ಬಿಟ್ಟು, ಆಮೇಲೆ ಅವಳು ಕೈ ಇಟ್ಟಳೆಂದರೆ ಕೊಳೆ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಎಲ್ಲರಿಗೂ ತೋರಿಸುವಳು. "ನೋಡೇ, ನೋಡು. ಇದನ್ನ ಹೊತ್ಕೊಂಡು ಮದುವೆ ಊಟಕ್ಕೆ ಹೋಗಿದ್ಯಲ್ಲ!" ನಾಚಿಕೆ ಎನ್ನುವುದು ಅಲ್ಲಿ ನಡೆಯುತ್ತಿರಲಿಲ್ಲ.

ತಿಕ್ಕುವುದಕ್ಕಿಂತ ಹೆಚ್ಚಾಗಿ ಅವಳು ಬೆನ್ನು ಓದುತ್ತಿದ್ದಳು. ಒಂದು ಸಲ ಬೆಟ್ಟದ ಕಡೆಯ ಹುಡುಗಿ, ಇತ್ತೋ ಎಂದು ಅವಳ ಹೆಸರು, ಬಂದು ಬೋರಲು ಮಲಗಿದ್ದೇ ತಡ, ಯಾಮ್ನಾ ಕೇಳಿದಳು:

"ಅತ್ತೆ ಬಂದಿದಾಳಾ ಮನೆಗೆ?"

"ಅಯ್ಯೋ ಲಲ್ಲಾ ಯಾಮ್ನಾ, ನಿಂಗ್ಯಾರು ಹೇಳಿದ್ರು?"

"ನಿನ್ನ ಕತ್ತು ಹೇಳ್ತು. ಹೋದ ವಾರ ನಾದಿದ ಹಿಟ್ಟಿನ ಹಾಗಿತ್ತು. ಇವತ್ತು ಬಾಗಿಲ ಚಿಲಕ ಬಿಗಿದ ಹಾಗೆ ಕೂತಿದೆ. ಎಷ್ಟು ದಿನ ಇರ್ತಾಳೆ?"

"ಚೆರಿ ಹಣ್ಣಿನ ಕಾಲ ಮುಗಿಯೋವರ್ಗೂ ಅಂತೆ."

"ಹಾಗಾದ್ರೆ ವಾರಕ್ಕೆ ಎರಡು ಸಲ ಬಾ. ಎರಡನೇ ಸಲ ದುಡ್ಡು ಬೇಡ."

ಇನ್ನೊಬ್ಬಳ ಕಂಕುಳಲ್ಲಿ ಗಂಟು ಸಿಕ್ಕಿದಾಗ ಒದ್ದೆ ಕೂದಲಲ್ಲೇ ಅವಳನ್ನು ಎಳೆದುಕೊಂಡು ದವಾಖಾನೆಗೆ ಓಡಿದ್ದಳು. "ಕೂದಲು ಒಣಗಲಿ ಅಂತ ರೋಗ ಕಾಯುತ್ತೇನೇ?" ಎಂದು ದಾರಿಯುದ್ದಕ್ಕೂ ಗದರಿದಳಂತೆ. ಗಂಡ ಸತ್ತ ಮೇಲೆ ಮನೆಯಿಂದ ಈಚೆ ಬಾರದವಳನ್ನು ಹೋಗಿ ಕರೆತರುವಳು. ನನ್ನ ಎರಡನೇ ಹೆರಿಗೆಯಾದ ಮೇಲೆ ನಾನು ಮಾತು ಬಿಟ್ಟು ಗೋಡೆ ನೋಡಿಕೊಂಡು ಕೂತಿದ್ದಾಗ, ಏನೂ ಕೇಳದೆ ಒಂದು ತಾಸು ಬೆನ್ನಿಗೆ ಬಿಸಿನೀರು ಹೊಯ್ದಳು. ಅದಿರಲಿ.

ಇಷ್ಟೆಲ್ಲ ಮಾಡುವವಳ ಬೆನ್ನನ್ನು ಯಾರೂ ಕಂಡವರಿಲ್ಲ. ಕೆಲಸ ಮಾಡುವಾಗಲೂ ಹೆಗಲಿನಿಂದ ಸೊಂಟದವರೆಗೆ ಬಿಳಿ ಬಟ್ಟೆಯೊಂದನ್ನು ಬಿಗಿದು ಸುತ್ತಿಕೊಂಡಿರುತ್ತಿದ್ದಳು. ಎಲ್ಲರೂ ಹೋದ ಮೇಲೆ, ಗಂಡಸರ ಹೊತ್ತಿಗೆ ಮುಂಚೆ ಸಿಗುವ ಅರ್ಧ ತಾಸಿನಲ್ಲಿ, ಒಬ್ಬಳೇ ಮೂಲೆಯಲ್ಲಿ ಕೂತು ಸ್ನಾನ. "ನಿಂಗೆ ಬೆನ್ನು ತಿಕ್ಕೋರು ಯಾರು ಲಲ್ಲಾ?" ಎಂದು ಯಾರಾದರೂ ಕೇಳಿದರೆ, "ಗೋಡೆ ಇದೆಯಲ್ಲ. ಗೋಡೆ ಚಾಡಿ ಹೇಳಲ್ಲ" ಎನ್ನುವಳು.

ಅವಳ ಸ್ವಭಾವವೇ ಹಾಗೆ. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ತೀರಿಹೋದ, ಮಕ್ಕಳಿಲ್ಲ, ಒಂದು ಕೋಣೆಯ ಮನೆ. ಕೊಡುವ ಕೈ, ತೆಗೆದುಕೊಳ್ಳುವ ಕೈಯಲ್ಲ. ಒಮ್ಮೆ ಜ್ವರ ಬಂದಾಗ ಪಕ್ಕದ ಮನೆಯವರು ಒಂದು ಬಟ್ಟಲು ಹರೀರ, ಅದೇ ಬೇಳೆಯ ಸಾರು, ಕಳಿಸಿದರು. ಬಟ್ಟಲು ಬರಿದಾಗಿ ಹೋಗಬಾರದು ಎನ್ನುವುದು ಎಲ್ಲರಿಗೂ ಗೊತ್ತು, ಒಂದು ವಾರ ಹತ್ತು ದಿನದಲ್ಲಿ ಏನಾದರೂ ಹಾಕಿ ಹಿಂದಿರುಗಿಸುತ್ತೇವೆ. ಯಾಮ್ನಾ ಜ್ವರದಲ್ಲೇ ಎದ್ದು, ಆ ಬಟ್ಟಲು ಇನ್ನೂ ಬೆಚ್ಚಗಿರುವಾಗಲೇ ಅದರ ತುಂಬ ಸಕ್ಕರೆ ಹಾಕಿ ಮುಟ್ಟಿಸಿ ಬಂದಳು! ಉಪಕಾರವೆಂದರೆ ಅವಳಿಗೆ ಕಾಲಿಗೆ ಹೊಕ್ಕ ಮುಳ್ಳು. ಕಿತ್ತು ಹಾಕುವವರೆಗೆ ನಿದ್ದೆಯಿಲ್ಲ.

ಈಗ ತಾಮು. ತಾಮು ಹಮಾಮಿನ ಬಾಗಿಲಲ್ಲಿ ಕೂತು ಬಟ್ಟೆ ಗಂಟು ಕಾಯುವವಳು. ಚಿಂತೆಗೆ ಕೈಕಾಲು ಮೂಡಿದರೆ ಹೇಗಿರುತ್ತದೋ ಹಾಗಿದ್ದಳು. ಸಣ್ಣ ಜೀವ, ದೊಡ್ಡ ಕಣ್ಣು. ಹದಿನೈದು ಜನ ಒಳಗೆ ಹೋದರೆ ಹದಿನೈದೂ ಜನ ಈಚೆ ಬರುವವರೆಗೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. "ಆ ಬಸುರಿ ಒಳಗೆ ಹೋಗಿ ಎಷ್ಟೊತ್ತಾಯ್ತು? ಜಾರಿ ಬಿದ್ಲೋ ಏನೋ, ಯಾರಾದ್ರೂ ನೋಡ್ರೇ!" ತಲೆನೋವಿಗೆ ಸದಾ ಹಣೆಗೆ ನಿಂಬೆಹಣ್ಣಿನ ಬಿಲ್ಲೆ ಇಟ್ಟು ಬಟ್ಟೆ ಕಟ್ಟಿಕೊಂಡಿರುತ್ತಿದ್ದಳು. ರಕ್ತದೊತ್ತಡಕ್ಕೆ ಮೂರು ಬಗೆಯ ಗುಳಿಗೆ. ಗಂಡ, ಮೂವರು ಮಕ್ಕಳು, ಸೊಸೆ, ಎಲ್ಲ ಇದ್ದರು. ಆದರೂ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. "ಉಪ್ಪು ಬಿಡು, ಯೋಚನೆ ಬಿಡು ಅಂದ್ರು ಡಾಕ್ಟರು. ಉಪ್ಪು ಬಿಟ್ಟೆ ಕಣ್ರೇ" ಎನ್ನುವಳು.

ಈ ಇಬ್ಬರೂ ಒಂದೇ ಸೂರಿನಡಿ, ಹತ್ತು ಹೆಜ್ಜೆ ದೂರದಲ್ಲಿ, ಮೂವತ್ತೊಂದು ವರ್ಷ ಕೆಲಸ ಮಾಡಿದರು. ಜಗಳವಿಲ್ಲ. ಆದರೆ ಮಾತು ಏನು ಗೊತ್ತೇ? "ಒಳಗೆ ಎಷ್ಟು ಜನ?" "ಹನ್ನೊಂದು." "ಬಕೆಟ್ ಒಡೆದಿದೆ." "ಹೇಳ್ತೀನಿ." ಅಷ್ಟೇ.

ಯಾಕೆಂದರೆ ಇಬ್ಬರೂ ಇಪ್ಪತ್ತೆರಡು ವರ್ಷದವರಾಗಿದ್ದಾಗ ಒಂದು ಘಟನೆ ನಡೆದಿತ್ತು. ಹಬ್ಬದ ಹಿಂದಿನ ದಿನ. ಹಮಾಮಿನಲ್ಲಿ ಕಾಲಿಡಲು ಜಾಗವಿಲ್ಲ. ಆಗ ತಾಮು ನೀರು ಹೊರುವವಳು. ಕುದಿನೀರಿನ ತೊಟ್ಟಿಯಿಂದ ತುಂಬಿದ ಬಕೆಟ್ಟಿಗೆ ತಣ್ಣೀರು ಬೆರೆಸಿಯೇ ಎತ್ತಬೇಕು, ಅದು ಮೊದಲ ಪಾಠ. ಅವತ್ತು ನಾಲ್ಕು ಕಡೆಯಿಂದ "ನೀರು, ನೀರು" ಎಂಬ ಕೂಗು. ತಾಮು ಬೆರೆಸದೆ ಎತ್ತಿದಳು, ಸಾಬೂನಿನ ಮೇಲೆ ಕಾಲಿಟ್ಟಳು. ಯಾಮ್ನಾ ಬಗ್ಗಿ ಯಾರನ್ನೋ ತಿಕ್ಕುತ್ತಿದ್ದಳು. ಅಷ್ಟೂ ನೀರು ಅವಳ ಬೆನ್ನಿನ ಮೇಲೆ.

ತಾಮು ಎದೆ ಬಡಿದುಕೊಂಡು ಅತ್ತಳು. ಯಾಮ್ನಾ ಹಲ್ಲು ಕಚ್ಚಿ ಎದ್ದು ನಿಂತು, "ಏನೂ ಆಗಿಲ್ಲ. ಹೋಗು, ನೀರು ತಾ" ಎಂದಳು. ಯಾಮ್ನಾಳ ಅಮ್ಮ ಜೇನು ಹಚ್ಚಿ ಹಚ್ಚಿ ನಾಲ್ಕು ತಿಂಗಳಿಗೆ ಗಾಯ ಮಾಯಿತು. ಎಡ ಹೆಗಲಿನ ಕೆಳಗೆ ಚರ್ಮ ಒಣ ತೊಗಲಿನ ಹಾಗೆ ಬಿಗಿದು, ಮುಟ್ಟಿದರೂ ತಿಳಿಯದಂತಾಯಿತು. ಕೆಲಸಕ್ಕೆ ತಿರುಗಿ ಬಂದ ದಿನ ತಾಮು ಅವಳ ಕೈ ಹಿಡಿದುಕೊಳ್ಳಲು ಹೋದಳು. "ಏನೂ ಆಗಿಲ್ಲ ಅಂದ್ನಲ್ಲ" ಎಂದು ಯಾಮ್ನಾ ಕೈ ಬಿಡಿಸಿಕೊಂಡಳು. ತಾಮು ಬಕೆಟ್ ಬಿಟ್ಟು ಬಾಗಿಲಿಗೆ ಹೋಗಿ ಕೂತಳು. ಬಿಸಿ ಕೋಣೆಗೆ ಮತ್ತೆ ಕಾಲಿಡಲಿಲ್ಲ. ತನ್ನ ಸ್ನಾನಕ್ಕೂ ದೂರದ ಬೇರೆ ಹಮಾಮಿಗೆ ಹೋಗುವಳು, ಹತ್ತು ನಿಮಿಷದಲ್ಲಿ ಓಡಿ ಬರುವಳು. ಯಾಮ್ನಾ ಅವತ್ತೇ ಬೈದಿದ್ದರೆ, ಒಂದು ಏಟು ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಂಡವನ್ನು ಬೂದಿ ಮುಚ್ಚಿ ಇಟ್ಟ ಹಾಗಾಯಿತು.

ಇಬ್ಬರಿಗೂ ಐವತ್ತು ದಾಟಿದ ಮೇಲೆ, ಒಂದು ಚಳಿಗಾಲದಲ್ಲಿ, ತಾಮು ಒಗೆದ ಬಟ್ಟೆ ಮಡಿಸುತ್ತಿದ್ದಾಗ ಯಾಮ್ನಾಳ ಬಿಳಿ ಬಟ್ಟೆಯ ಮೇಲೆ ಒಂದು ಕಲೆ ಕಂಡಳು. ಹಳದಿ ಹಳದಿ, ನಡುವೆ ನಸುಗೆಂಪು. ಮುಂದಿನ ವಾರವೂ ಇತ್ತು, ಅದೇ ಎಡಗಡೆ, ಅದೇ ಜಾಗ. ಬೇರೆ ಯಾರಾದರೂ ಆಗಿದ್ದರೆ ಮಡಿಸಿ ಇಡುತ್ತಿದ್ದರು. ತಾಮುಳ ಕಣ್ಣು ಹಾಗೆ ಬಿಡುವ ಕಣ್ಣಲ್ಲ. ಆರು ವಾರ ನೋಡಿದಳು. ಕಲೆ ದೊಡ್ಡದಾಗುತ್ತಾ ಬಂತು.

"ಯಾಮ್ನಾ, ಇದೇನು?"

"ಗೋರಂಟಿ."

"ಗೋರಂಟಿ ಈ ಬಣ್ಣ ಇರಲ್ಲ."

"ನಿಂಗೆ ಎಲ್ಲದಕ್ಕೂ ಅನುಮಾನ. ಹೋಗಿ ನಿನ್ನ ಗುಳಿಗೆ ನುಂಗು."

ಯಾಮ್ನಾಳಿಗೆ ತಿಳಿದಿರಲಿಲ್ಲ ಎಂದಲ್ಲ. ಬೆನ್ನಲ್ಲಿ ಏನೋ ತೇವವಿತ್ತು. ನೋವಿಲ್ಲ, ಕಲೆಯ ಅಂಚಿನಲ್ಲಿ ಸ್ವಲ್ಪ ತುರಿಕೆ. ತುರಿಸಿದರೆ ಹಳೆಯ ಚರ್ಮ ಕಳಚಿ ಹೊಸದು ಬರುತ್ತಿದೆ ಎಂದುಕೊಂಡಳು. ಮೂವತ್ತೈದು ವರ್ಷ ಚರ್ಮ ಕಳಚುವುದೇ ಕಸುಬಾದವಳಿಗೆ ಇನ್ನೇನು ಹೊಳೆಯುತ್ತದೆ? ದಿನವೂ ಬಿಸಿ ಗೋಡೆಗೆ ಇನ್ನಷ್ಟು ಒತ್ತಿ ಉಜ್ಜಿದಳು. ಮನೆಯಲ್ಲಿ ಕಡ್ಡಿಗೆ ಬಟ್ಟೆ ಸುತ್ತಿ, ಅಂದಾಜಿನ ಮೇಲೆ ಆಲಿವ್ ಎಣ್ಣೆ ಸವರಿಕೊಂಡಳು. ಊರಿನ ಬೆನ್ನೆಲ್ಲ ಓದಿದವಳು ತನ್ನದನ್ನು ಮಾತ್ರ ಕಡ್ಡಿಯ ತುದಿಯಿಂದ ಓದಿದಳು.

ತಾಮು ದವಾಖಾನೆಯ ನರ್ಸಮ್ಮನ ಹತ್ತಿರ ಹೋಗಿ, ಯಾರದ್ದೋ ವಿಷಯ ಎನ್ನುವಂತೆ ಕೇಳಿದಳು. ನರ್ಸಮ್ಮ ಬರೆಯುತ್ತಿದ್ದ ಕೈ ನಿಲ್ಲಿಸಿದರು.

"ಹಳೇ ಸುಟ್ಟ ಕಲೆಯಲ್ಲಿ ಹುಣ್ಣಾ? ಎಷ್ಟು ದಿನದಿಂದ?"

"ನಾನು ಕಂಡಾಗಿಂದ ಎರಡು ತಿಂಗಳಾಯ್ತು."

"ಹಾಗಾದ್ರೆ ಇವತ್ತೇ ಕರ್ಕೊಂಡ್ ಬನ್ನಿ. ಅಂಥ ಕಲೆಯಲ್ಲಿ ಎಷ್ಟೋ ವರ್ಷ ಆದ್ಮೇಲೆ ಕ್ಯಾನ್ಸರ್ ಹುಟ್ಟೋದುಂಟು. ನೋವಿರಲ್ಲ, ಅದಕ್ಕೇ ಜನ ಸುಮ್ನಿರ್ತಾರೆ. ಹಬ್ಬಿಬಿಟ್ರೆ ಕಷ್ಟ."

ತಾಮು ಅಲ್ಲಿಂದ ನೇರ ಹಮಾಮಿಗೆ ಓಡಿ ಬಂದಳು. ಹೇಳಿದರೆ ಯಾಮ್ನಾ ಬರುವವಳಲ್ಲ. "ಏನೂ ಆಗಿಲ್ಲ" ಎನ್ನುತ್ತಾಳೆ. ಎರಡು ದಿನ ಹಣೆಯ ನಿಂಬೆ ಬಿಲ್ಲೆ ಬದಲಿಸುತ್ತಾ ಯೋಚಿಸಿದಳು. ಮೂರನೆಯ ದಿನ, ಎಲ್ಲರೂ ಹೊರಟ ಮೇಲೆ, ಬಟ್ಟೆ ಬಿಚ್ಚಿಟ್ಟು, ಬಕೆಟ್ ಹಿಡಿದು ಬಿಸಿ ಕೋಣೆಗೆ ನಡೆದಳು. ಮೂವತ್ತೊಂದು ವರ್ಷವಾದ ಮೇಲೆ.

ಇಲ್ಲಿ ಒಂದು ಮಾತು. ನಿಮ್ಮ ಕಾಲದವರಿಗೆ ಮರೆತೇ ಹೋಗಿದೆ. ಹಣ ಇಟ್ಟು ತಿಕ್ಕಿಸಿಕೊಂಡವಳು ಗಿರಾಕಿ, ಅಲ್ಲಿಗೆ ಮುಗಿಯಿತು. ಹಣ ಇಡದೆ ಪಕ್ಕದವಳಿಗೆ ಬೆನ್ನು ಕೊಟ್ಟರೆ ಅವಳು ಜೊತೆಗಾತಿ. ಆಗ ಬೆನ್ನಿಗೆ ಬೆನ್ನು. ನೀನು ಅವಳದ್ದು ತಿಕ್ಕಿದ ಮೇಲೆ ಅವಳು ನಿನ್ನದು ತಿಕ್ಕಲೇಬೇಕು. ಕೊಡದೆ ಎದ್ದು ಹೋದರೆ "ನಿನ್ನ ಕೈ ನನಗೆ ಹೇಸಿಗೆ" ಎಂದಂತೆ. ಹಾಗೆ ಎದ್ದು ಹೋದದ್ದಕ್ಕೆ ಸಂಬಂಧಗಳೇ ಮುರಿದಿವೆ ನಮ್ಮ ಕೇರಿಯಲ್ಲಿ.

ಯಾಮ್ನಾ ಹಬೆಯೊಳಗೆ ಕಣ್ಣು ಕಿರಿದು ಮಾಡಿ ನೋಡಿದಳು. "ಏನು, ಯಾರಾದ್ರೂ ಬಿದ್ರಾ?"

"ಇಲ್ಲ. ಬೆನ್ನು ತಿಕ್ಕು" ಎಂದು ತಾಮು ಅವಳೆದುರು ಕೂತು ಬೆನ್ನು ತಿರುಗಿಸಿದಳು.

ಯಾಮ್ನಾ ಸಾಬೂನು ಸವರಿದಳು. ಕೀಸ ಹಾಕಿದಳು. ನಾಲ್ಕು ಸಲ ಎಳೆದವಳು ಕೀಸವನ್ನು ಕಳಚಿಟ್ಟು ಬರಿಗೈಯಲ್ಲಿ ಹೆಗಲು ಒತ್ತಿದಳು.

"ಇದೇನೇ ಇದು? ಹೆಗಲಾ, ಬೀಸೋ ಕಲ್ಲಾ? ಎಷ್ಟು ದಿನ ಆಯ್ತು ನಿದ್ದೆ ಮಾಡಿ?"

"ನೀನೇ ಎಣಿಸ್ಕೋ."

ಆ ಲೆಕ್ಕ ಯಾಮ್ನಾಳಿಗೆ ಗೊತ್ತಿತ್ತು. ಅವಳ ಕೈ ಇನ್ನೂ ನಿಧಾನವಾಗಿ ಒತ್ತತೊಡಗಿತು. ಯಾವ ಗಿರಾಕಿಗೂ ಅಷ್ಟು ಹೊತ್ತು ಅವಳು ಒತ್ತಿದ್ದಿಲ್ಲ. ಕಡೆಗೆ ಹದವಾದ ನೀರು ಹೊಯ್ದು, "ಆಯ್ತು, ಏಳು" ಎಂದಳು.

ತಾಮು ಏಳಲಿಲ್ಲ, ಅವಳ ಕಡೆಗೆ ತಿರುಗಿದಳು. "ನಾನು ಹಣ ಇಟ್ಟಿಲ್ಲ ಯಾಮ್ನಾ."

"ಅದಕ್ಕೇನೀಗ?"

"ಗಿರಾಕಿ ಅಲ್ಲ ನಾನು. ಬೆನ್ನು ಕೊಡು."

"ಹೋಗೇ, ಹುಚ್ಚೀ."

"ಕೊಡದೆ ಎದ್ದು ಹೋಗ್ತೀಯಾ? ಹೋಗು. ನಾಳೆ ಬಾಗಿಲಲ್ಲಿ ಕೂತು ಎಲ್ಲರಿಗೂ ಹೇಳ್ತೀನಿ, ಲಲ್ಲಾ ಯಾಮ್ನಾಗೆ ನನ್ನ ಕೈ ಹೇಸಿಗೆಯಂತೆ ಅಂತ."

"ಹೇಳು. ಯಾರು ನಂಬ್ತಾರೆ?"

"ನಾನು ನಂಬ್ತೀನಲ್ಲ. ನಾನು ಇಷ್ಟು ವರ್ಷ ನಂಬಿರೋದೇ ಅದನ್ನ."

ಯಾಮ್ನಾ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಬೆನ್ನು ತಿರುಗಿಸಿ, ಬಟ್ಟೆಯ ಗಂಟು ತಾನೇ ಬಿಚ್ಚಿದಳು.

ತಾಮು ಕಂಡದ್ದು ಹಳೆಯ ಕಲೆಯ ನಡುವೆ ಅಂಗೈಯ ಗುಳಿಯಷ್ಟು ಅಗಲದ ಹುಣ್ಣು. ಅಂಚು ಎದ್ದು ಉರುಟುರುಟಾಗಿ, ಹೂಕೋಸಿನ ಹಾಗೆ. ಅವಳು ಕಿರುಚಲಿಲ್ಲ, ಅಳಲಿಲ್ಲ. ಇಲಿ ಓಡಿದರೂ ಕಿರುಚುವವಳು! ಸುತ್ತಲಿನ ಚೆನ್ನಾದ ಚರ್ಮದ ಮೇಲೆ ಮೆಲ್ಲಗೆ ನೀರು ಹೊಯ್ದು, ಒಗೆದ ಬಟ್ಟೆಯಿಂದ ಒತ್ತಿ ಒರೆಸಿ, "ನಾಳೆ ಬೆಳಿಗ್ಗೆ ಫೆಸ್‌ಗೆ ಹೋಗೋ ಮೊದಲನೇ ಬಸ್ಸು" ಎಂದಳು.

"ಕೆಲಸ?"

"ಒಂದಿನ ಊರೆಲ್ಲ ಕೊಳಕಾಗಿರಲಿ."

ಫೆಸ್‌ನ ದೊಡ್ಡಾಸ್ಪತ್ರೆಯಲ್ಲಿ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ನರ್ಸಮ್ಮ ಹೆದರಿದ್ದದ್ದೇ ನಿಜವಾಯಿತು. ಆದರೆ ರೋಗ ಕಂಕುಳ ಗಂಟುಗಳಿಗೆ ಇನ್ನೂ ಇಳಿದಿರಲಿಲ್ಲ. ಇನ್ನೊಂದು ಬೇಸಿಗೆ ಕಳೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು, ಕನ್ನಡಕ. ಅಗಲವಾಗಿ ಕತ್ತರಿಸಿ ತೆಗೆದು, ತೊಡೆಯ ಚರ್ಮ ತಂದು ಹೊಲಿಯಬೇಕು.

"ಆಮೇಲೆ ಎರಡು ತಿಂಗಳು ದಿನಾ ಪಟ್ಟಿ ಬದಲಾಯಿಸ್ಬೇಕಮ್ಮ. ನಿಮ್ಮ ಕೈಗೆ ಎಟುಕಲ್ಲ. ಮನೇಲಿ ಯಾರಿದಾರೆ?"

"ಯಾರೂ ಇಲ್ಲ. ನಾನೇ ನೋಡ್ಕೋತೀನಿ" ಎಂದಳು ಯಾಮ್ನಾ.

"ಹೇಗೆ ನೋಡ್ಕೋತೀರಿ, ಬೆನ್ನಲ್ಲಿ ಕಣ್ಣಿದೆಯಾ?"

"ನಾನಿದೀನಿ" ಎಂದಳು ತಾಮು.

"ನೀವು ಇವರಿಗೆ ಏನಾಗ್ಬೇಕು?"

ತಾಮು ತಡವರಿಸಿದಳು. "ನಾನು... ಆ ಬಿಸಿನೀರು... ನನ್ನ ಕೈಯಿಂದಾನೇ..."

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಯಾಮ್ನಾ ಗೋಡೆಯ ಕಡೆ ನೋಡುತ್ತಾ, "ಮೂವತ್ತು ವರ್ಷದಿಂದ ಜೊತೆಗಿದೀವಿ. ಏನು ಬೇಕೋ ಅದು ಬರ್ಕೊಳ್ಳಿ" ಎಂದಳು.

ಆಪರೇಷನ್ ಆಗಿ ಯಾಮ್ನಾ ಮನೆಗೆ ಬಂದ ಮೇಲೆ ಎರಡು ತಿಂಗಳು ತಾಮು ದಿನವೂ ಬೆಳಿಗ್ಗೆ ಆ ಒಂದು ಕೋಣೆಯ ಮನೆಗೆ ಹೋಗಿ ಪಟ್ಟಿ ಬದಲಿಸಿದಳು. ಮೂರನೆಯ ದಿನವೇ ಮೇಜಿನ ಮೇಲೆ ಬುಟ್ಟಿಯಲ್ಲಿ ಹನ್ನೆರಡು ಮೊಟ್ಟೆ ಕಾದಿದ್ದವು.

"ಇದ್ಯಾಕೆ?"

"ನೀನು ದಿನಾ ಬರ್ತೀಯಲ್ಲ. ತಗೊಂಡ್ಹೋಗು."

ತಾಮು ಬುಟ್ಟಿಯನ್ನು ನೋಡಿದಳು, ಇವಳನ್ನು ನೋಡಿದಳು. ಹೋಗಿ ಒಲೆ ಹೊತ್ತಿಸಿದಳು. ಜೀರಿಗೆ ಉಪ್ಪು ಹಾಕಿ ನಾಲ್ಕು ಮೊಟ್ಟೆ ಹುರಿದು, ಒಂದೇ ತಟ್ಟೆಯಲ್ಲಿ ಇಟ್ಟಳು. "ಕೂತ್ಕೋ. ಇಬ್ರೂ ತಿನ್ನೋಣ. ಇನ್ನೆಂಟು ಉಳಿದಿವೆ, ಎರಡು ದಿನಕ್ಕಾಯ್ತು."

"ಉಪ್ಪು ಬಿಟ್ಟಿದೀನಿ ಅಂದಿದ್ದೆ?"

"ಇವತ್ತೊಂದಿನ."

ಆ ಊಟದ ನಡುವೆಯೇ ತಾಮು ಕೇಳಿದ್ದು. ಇದನ್ನು ಯಾಮ್ನಾಳೇ ನನಗೆ ಹೇಳಿದ್ದು, ತಾಮು ಆ ಕಡೆ ಕೂತು ತಲೆ ಆಡಿಸುತ್ತಿದ್ದಳು.

"ಅವತ್ತು ಯಾಕೆ ನಂಗೆ ಬೈಲಿಲ್ಲ ನೀನು?"

"ಬೈದಿದ್ರೆ ನೀನು ಇನ್ನೂ ಜೋರಾಗಿ ಅಳ್ತಿದ್ದೆ. ನಂಗೆ ಉರಿ. ನಿನ್ನ ಸಮಾಧಾನ ಮಾಡೋಕೆ ನನ್ನ ಹತ್ರ ಉಸಿರಿರಲಿಲ್ಲ."

"ಆಮೇಲೆ?"

"ಆಮೇಲೆ... ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ. ದಿನ ಹೋಯ್ತು."

"ಹಾಗಾದ್ರೆ ಈಗ ಬಯ್ಯಿ."

"ಈಗಾ? ಮೊಟ್ಟೆ ತಿಂತಾ?"

"ಈಗ."

ಯಾಮ್ನಾ ರೊಟ್ಟಿಯ ತುಂಡು ಕೆಳಗಿಟ್ಟಳು. ಗಂಟಲು ಸರಿಮಾಡಿಕೊಂಡಳು. "ಕುರುಡಿ!" ಎಂದಳು. ಮೊದಲು ಮೆಲ್ಲಗೆ. ಆಮೇಲೆ ಬಂತು ನೋಡು. "ಕತ್ತೆ! ತಣ್ಣೀರು ಬೆರೆಸ್ಬೇಕು ಅಂತ ನಾಲ್ಕು ವರ್ಷದ ಮಗುವಿಗೂ ಗೊತ್ತು! ಕಾಲು ಎಲ್ಲಿಡ್ತೀನಿ ಅಂತ ನೋಡಬಾರ್ದಾ, ಒಂಟಿ ಕಣ್ಣಿನವಳೇ! ಹಬ್ಬಕ್ಕೆ ಹೊಸ ಬಟ್ಟೆ ಹೊಲ್ಸಿದ್ದೆ ಕಣೇ ನಾನು, ಒಂದು ದಿನ ಹಾಕ್ಲಿಲ್ಲ! ನಾಲ್ಕು ತಿಂಗಳು ಬೋರಲು ಮಲಗಿದ್ದೆ, ಒಂದು ಸಲ ಬಾಗಿಲಿಗೆ ಬಂದ್ಯಾ ನೀನು? ಹೆದರುಪುಕ್ಕಲಿ! ನಾನು ಬಾಗಿಲು ನೋಡ್ತಾನೇ ಇದ್ದೆ!" ಎಂದು ತಟ್ಟೆ ಕುಟ್ಟಿದಳು. ತಾಮು ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ತಿಳಿಯಲಿಲ್ಲ. ಪಕ್ಕದ ಮನೆಯವರು ಏನೋ ದೊಡ್ಡ ಜಗಳವೆಂದು ಓಡಿ ಬಂದರೆ, ಇಬ್ಬರೂ ಒಂದೇ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ತಿನ್ನುತ್ತಿದ್ದರಂತೆ.

ಅವತ್ತು ಮಧ್ಯಾಹ್ನ ತಾಮು ಹಮಾಮಿನ ಬಾಗಿಲಲ್ಲಿ ಬಟ್ಟೆ ಗಂಟುಗಳ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಒಳಗೆ ಎಷ್ಟು ಜನರಿದ್ದಾರೆ ಎನ್ನುವುದೂ ಮರೆತು. ಹೆಂಗಸರು ಸದ್ದಾಗದಂತೆ ತಮ್ಮ ತಮ್ಮ ಗಂಟು ಎಳೆದುಕೊಂಡು ಹೋದರು. ಅವಳ ಗುಳಿಗೆಗಳು ನಿಂತುಹೋದವು ಎಂದು ನಾನು ಸುಳ್ಳು ಹೇಳುವುದಿಲ್ಲ. ಮೂರರಲ್ಲಿ ಒಂದನ್ನು ಡಾಕ್ಟರು ಬಿಡಿಸಿದರು. ಹೆದರಿಕೆ ಪೂರ್ತಿ ಹೋಗಲಿಲ್ಲ, ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದುಕೊಳ್ಳುತ್ತೇನೆ. ಯಾಮ್ನಾಳ ಮೊಂಡುತನವೂ ಹೋಗಲಿಲ್ಲ. ಆಮೇಲೆ ಹದಿನೆಂಟು ವರ್ಷ ಬದುಕಿದಳು, ಬೈಯುತ್ತಲೇ ಬದುಕಿದಳು. ಗುರುವಾರ ಗುರುವಾರ, ಹೆಂಗಸರೆಲ್ಲ ಹೋದ ಮೇಲೆ, ಒಳಗಿನಿಂದ ಇಬ್ಬರ ದನಿ ಕೇಳುತ್ತಿತ್ತು. "ಮೆಲ್ಲಗೇ, ಅದು ತೊಡೆಯ ಚರ್ಮ!" "ತೊಡೆಗೆ ಇಷ್ಟು ಸೊಕ್ಕಿರಲ್ಲ, ಸುಮ್ನಿರು!"

ಸಾಕು, ಅಷ್ಟೇ ಬರೆ. ಪೆನ್ನು ಇಡು, ನನ್ನದೊಂದು ಕೆಲಸ ಮಾಡಿಕೊಡು. ಮೇಲಿನ ಮಹಡಿಯ ಜೊಹ್ರಾ ಇದ್ದಾಳಲ್ಲ, ಅವಳಣ್ಣ ತೀರಿಕೊಂಡ ಮೇಲೆ ಎರಡು ತಿಂಗಳಿಂದ ಬಾಗಿಲೇ ತೆರೆದಿಲ್ಲ ಅವಳು. ಹೋಗಿ ಬಾಗಿಲು ತಟ್ಟು, ತೆರೆಯುವವರೆಗೆ ತಟ್ಟು. ನಾಳೆ ಮಧ್ಯಾಹ್ನ ನಮ್ಮಜ್ಜಿ ಹಮಾಮಿಗೆ ಹೋಗುತ್ತಾಳಂತೆ, ಬೆನ್ನಿಗೆ ಕೈ ಎಟುಕುವುದಿಲ್ಲವಂತೆ, ಜೊತೆಗೆ ಯಾರೂ ಇಲ್ಲವಂತೆ, ನೀವು ಬರಬೇಕಂತೆ ಎನ್ನು. ಅವಳ ಬೆನ್ನಿನ ಮಾತು ಎತ್ತಬೇಡ, ನನ್ನದು ಮಾತ್ರ ಹೇಳು. ಹೋಗು, ಚಪ್ಪಲಿ ಮೆಟ್ಟಿಕೋ.